ಜಾಗ್ವಾರ್ ಮುಚ್ಚಿಹೋಗುತ್ತಾ? ಹಳೇ ಎಕ್ಸ್‌ಎಫ್ ಕೊಳ್ಳಬಹುದಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಪರಿಚಯದ ಬ್ರೋಕರ್ ಒಬ್ಬರು ದೆಹಲಿ ರಿಜಿಸ್ಟ್ರೇಷನ್‌ನ 2017ರ ಜಾಗ್ವಾರ್ ಎಕ್ಸ್‌ಎಫ್ ಡೀಸೆಲ್ ಗಾಡಿ ತೋರಿಸಿದ್ದಾರೆ. 62 ಸಾವಿರ ಕಿ.ಮೀ. ಓಡಿದೆ, 16 ಲಕ್ಷ ಹೇಳುತ್ತಿದ್ದಾರೆ. ನೋಡಿದ ಮೇಲೆ ಬಿಡೋಕೆ ಮನಸ್ಸಾಗುತ್ತಿಲ್ಲ. ಆದರೆ ಜಾಗ್ವಾರ್ ಕಂಪನಿಯೇ ಮುಚ್ಚಿಹೋಗ್ತಿದೆ, ಯುರೋಪಿನಲ್ಲಿ ತಿಂಗಳಿಗೆ ಬರೀ 49 ಕಾರು ಮಾರಾಟವಾಗಿವೆ, ಆ ಗುಲಾಬಿ ಬಣ್ಣದ ಜಾಹೀರಾತೇ ಮುಳುಗಿಸಿತು ಅಂತೆಲ್ಲ ವಾಟ್ಸಾಪ್‌ನಲ್ಲಿ ಬರ್ತಿದೆ. ಮಗ ಬೇಡವೇ ಬೇಡ ಅಂತಾನೆ. ಟಾಟಾದವರು ಇದನ್ನ ಮಾರಿಬಿಡ್ತಾರಾ? ಮುಂದೆ ಸ್ಪೇರ್ ಸಿಗುತ್ತಾ? ಅಧಿಕೃತ ಸರ್ವೀಸ್‌ಗೆ ನಾನು ಬೆಂಗಳೂರಿಗೇ ಹೋಗಬೇಕು ಅನ್ನೋದನ್ನೂ ಗಮನದಲ್ಲಿಟ್ಟು ಹೇಳಿ.

ಉತ್ತರ: ಮೊದಲು ಆ 49ರ ಲೆಕ್ಕ ಮುಗಿಸಿಬಿಡೋಣ. ಸಂಖ್ಯೆ ಸುಳ್ಳಲ್ಲ. ಯುರೋಪಿನ ಕಾರು ತಯಾರಕರ ಸಂಘದ ಪಟ್ಟಿಯಲ್ಲಿ 2025ರ ಏಪ್ರಿಲ್ ತಿಂಗಳಲ್ಲಿ ಜಾಗ್ವಾರ್‌ನ ಎದುರು 49 ಅಂತಲೇ ಇದೆ. ಹಿಂದಿನ ವರ್ಷ ಅದೇ ತಿಂಗಳು 1,961 ಇತ್ತು. ಅಲ್ಲಿಗೆ ಶೇ 97.5 ಕುಸಿತ. ಆದರೆ ಗೋಡೌನ್ ಖಾಲಿ ಮಾಡಿ ಅಂಗಡಿಯ ಶಟರ್ ಅರ್ಧ ಇಳಿಸಿದ ಮೇಲೆ ಆ ತಿಂಗಳ ವ್ಯಾಪಾರ ಎಷ್ಟಾಯಿತು ಅಂತ ಕೇಳಿದರೆ ಏನರ್ಥ? ವ್ಯಾಪಾರಿಯಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಕ್ಸ್‌ಇ, ಎಕ್ಸ್‌ಎಫ್, ಎಫ್-ಟೈಪ್ ಮೂರರ ತಯಾರಿಕೆಯನ್ನೂ 2024ರ ಮಧ್ಯದ ಹೊತ್ತಿಗೇ ನಿಲ್ಲಿಸಿದ್ದರು. ವರ್ಷ ಮುಗಿಯುವಷ್ಟರಲ್ಲಿ ಇ-ಪೇಸ್, ಐ-ಪೇಸ್ ಕೂಡ ನಿಂತವು. ಬ್ರಿಟನ್ನಿನಲ್ಲಿ ಹೊಸ ಜಾಗ್ವಾರ್ ಮಾರಾಟವನ್ನು 2024ರ ನವೆಂಬರಿನಲ್ಲೇ ಬಂದ್ ಮಾಡಿದರು. ಉಳಿದಿದ್ದ ಎಫ್-ಪೇಸ್‌ನ ಕೊನೆಯ ಗಾಡಿ 2025ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸೊಲಿಹಲ್ ಕಾರ್ಖಾನೆಯಿಂದ ಹೊರಬಂತು. ಹಳೇ ಮಾಲನ್ನೆಲ್ಲ ಬೇಕಂತಲೇ ನಿಲ್ಲಿಸಿ, ಒಂದಷ್ಟು ಕಾಲ ಏನನ್ನೂ ಮಾರದೆ, ಆಮೇಲೆ ಹೊಸ ಎಲೆಕ್ಟ್ರಿಕ್ ಕಾರಿನೊಂದಿಗೆ ಬರುತ್ತೇವೆ ಎಂಬುದು ಅವರೇ ಮಾಡಿದ ಯೋಜನೆ. ದುಡ್ಡಿರುವ ಕಂಪನಿಗೆ ಮಾತ್ರ ಸಾಧ್ಯವಾಗುವ ಯೋಜನೆ ಇದು, ದೊಡ್ಡ ಜೂಜೂ ಹೌದು.

ಜಾಹೀರಾತಿನ ವಿಷಯವೂ ಹಾಗೇ. ಅದು ಬಂದದ್ದು 2024ರ ನವೆಂಬರ್ 19ಕ್ಕೆ. ಕಡುಬಣ್ಣದ ಉಡುಪು ತೊಟ್ಟ ಒಂದಷ್ಟು ಜನ ಲಿಫ್ಟಿನಿಂದ ಇಳಿಯುತ್ತಾರೆ, ಪರದೆಯ ಮೇಲೆ ಘೋಷಣೆಗಳು ಬರುತ್ತವೆ, ಮುಗಿಯಿತು. ಮೂವತ್ತು ಸೆಕೆಂಡಿನಲ್ಲಿ ಒಂದೇ ಒಂದು ಚಕ್ರವೂ ಕಾಣುವುದಿಲ್ಲ. ನೀವು ಕಾರು ಮಾರ್ತೀರಾ ಅಂತ ಇಲಾನ್ ಮಸ್ಕ್ ಕಾಲೆಳೆದರು. ಎರಡು ವಾರ ಬಿಟ್ಟು ಮಯಾಮಿಯಲ್ಲಿ ಟೈಪ್ 00 ಎಂಬ ಮಾದರಿ ಕಾರು ತೋರಿಸಿದರು, ಒಂದು ಗುಲಾಬಿ, ಒಂದು ನೀಲಿ. ನಿಮ್ಮ ವಾಟ್ಸಾಪ್ ಮೆಸೇಜಿನ ಗುಲಾಬಿ ಅದು. ನನಗೆ ಆ ಜಾಹೀರಾತು ಹಿಡಿಸಲಿಲ್ಲ. ಕಾರಿನ ಕಂಪನಿಗೆ ಕಾರು ತೋರಿಸೋಕೆ ನಾಚಿಕೆ ಯಾಕೆ ಅನ್ನಿಸಿತು. ಹಾಗಂತ ಮುಳುಗಿಸಿದ್ದು ಅದೇ ಅನ್ನೋದು ತಪ್ಪು. ಜಾಹೀರಾತು ಬಂದ ದಿನ ಬ್ರಿಟನ್ನಿನ ಶೋರೂಮಿನಲ್ಲಿ ಮಾರೋದಕ್ಕೆ ಹೆಚ್ಚುಕಮ್ಮಿ ಏನೂ ಉಳಿದಿರಲಿಲ್ಲ. ರೋಗ ಅದಕ್ಕಿಂತ ಬಹಳ ಹಳೆಯದು.

ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ಜಾಗ್ವಾರ್ ಗೆದ್ದದ್ದು ಹೇಗೆ ಅಂತ ಗೊತ್ತಿರಬೇಕು. 1922ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಸಮುದ್ರದಂಡೆಯ ಊರಿನಲ್ಲಿ ಇಪ್ಪತ್ತೊಂದರ ಹುಡುಗ ವಿಲಿಯಂ ಲಯನ್ಸ್ ತನ್ನ ಪಾಲುದಾರ ವಿಲಿಯಂ ವಾಮ್‌ಸ್ಲಿ ಜೊತೆ ಸೇರಿ ಬೈಕಿಗೆ ಕಟ್ಟುವ ಸೈಡ್‌ಕಾರ್ ಮಾಡಲು ಶುರುಮಾಡಿದ. ಆಮೇಲೆ ಬೇರೆಯವರ ಅಗ್ಗದ ಕಾರುಗಳಿಗೆ ಚೆಂದದ ಬಾಡಿ ಕಟ್ಟುವ ಕೆಲಸ. 1935ರಲ್ಲಿ ಜಾಗ್ವಾರ್ ಹೆಸರು ಬಂತು, 1945ರಲ್ಲಿ ಕಂಪನಿಯ ಹೆಸರೂ ಅದೇ ಆಯಿತು. ಲಯನ್ಸ್ ಎಂಜಿನಿಯರ್ ಅಲ್ಲ, ಕಲಾಶಾಲೆಯಲ್ಲಿ ಕಲಿತವನೂ ಅಲ್ಲ. ಆದರೆ ಕಣ್ಣು ಬಲು ಚುರುಕು. ತಗಡು ಬಡಿಯುವವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇಲ್ಲಿ ತಗ್ಗಿಸು, ಅಲ್ಲಿ ಉಬ್ಬಿಸು ಅಂತ ಹೇಳುತ್ತ ಪೂರ್ಣ ಗಾತ್ರದ ಮಾದರಿ ಮಾಡಿಸುತ್ತಿದ್ದ. ಅದನ್ನು ತನ್ನ ಮನೆಯಂಗಳಕ್ಕೆ ತರಿಸಿ, ಬಯಲಿನ ಬೆಳಕಿನಲ್ಲಿ ಸುತ್ತ ತಿರುಗಿ ನೋಡಿ ತೀರ್ಮಾನ ಮಾಡುತ್ತಿದ್ದ.

ಇದು ಅರ್ಧ ಗುಟ್ಟು. ಇನ್ನರ್ಧ ಗುಟ್ಟು ಬೆಲೆಯಲ್ಲಿತ್ತು. 1961ರಲ್ಲಿ ಇ-ಟೈಪ್ ಬಂದಾಗ ಬ್ರಿಟನ್ನಿನಲ್ಲಿ ಅದರ ಬೆಲೆ ಸುಮಾರು 2,100 ಪೌಂಡ್. ಅಷ್ಟೇ ವೇಗದ ಆಸ್ಟನ್ ಮಾರ್ಟಿನ್‌ಗೆ ಹೆಚ್ಚುಕಡಿಮೆ ಅದರ ಎರಡರಷ್ಟು, ಫೆರಾರಿಗೆ ಇನ್ನೂ ಮೇಲೆ. ಜೊತೆಗೆ ರೇಸ್‌ನ ಹೆಸರು ಇತ್ತು: 1951ರಿಂದ 1957ರೊಳಗೆ ಲೆ ಮಾನ್ ಇಪ್ಪತ್ನಾಲ್ಕು ಗಂಟೆ ರೇಸನ್ನು ಐದು ಸಲ ಗೆದ್ದಿತ್ತು. ಇವತ್ತು ಎಲ್ಲ ಕಾರುಗಳಲ್ಲೂ ಇರುವ ಡಿಸ್ಕ್ ಬ್ರೇಕ್ ತನ್ನ ತಾಕತ್ತನ್ನು ಜಗತ್ತಿಗೆ ತೋರಿಸಿದ್ದು 1953ರಲ್ಲಿ ಗೆದ್ದ ಜಾಗ್ವಾರ್‌ನ ಸಿ-ಟೈಪ್‌ನಲ್ಲಿ. ಹಾಗಾಗಿ ಜಾಗ್ವಾರ್ ಅಂದರೆ ಎಲ್ಲರಿಗಿಂತ ದುಬಾರಿ ಕಾರು ಅಂತ ಯಾವತ್ತೂ ಇರಲಿಲ್ಲ. ಇಷ್ಟು ಚೆಂದದ, ಇಷ್ಟು ವೇಗದ ಗಾಡಿ ಈ ಬೆಲೆಗೆ ಹೇಗಪ್ಪಾ ಕೊಡ್ತಾರೆ ಅಂತ ಜನ ಬೆರಗಾಗುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಇವತ್ತಿನ ಯೋಜನೆ ಕೈಬಿಟ್ಟಿರುವುದು ಇದನ್ನೇ.

ಲಯನ್ಸ್‌ಗೆ ವಾರಸುದಾರನಿರಲಿಲ್ಲ. ಒಬ್ಬನೇ ಮಗ 1955ರಲ್ಲಿ ಲೆ ಮಾನ್‌ಗೆ ಹೋಗುವ ದಾರಿಯಲ್ಲಿ ಅಪಘಾತದಲ್ಲಿ ತೀರಿಹೋಗಿದ್ದ. 1966ರಲ್ಲಿ ಕಂಪನಿಯನ್ನು ದೊಡ್ಡ ಸಂಸ್ಥೆಯೊಂದರ ಜೊತೆ ಸೇರಿಸಿದರು, 1968ರಲ್ಲಿ ಅದು ಬ್ರಿಟಿಷ್ ಲೇಲ್ಯಾಂಡ್ ಎಂಬ ಮಹಾಕೂಟದ ಭಾಗವಾಯಿತು, 1975ರಲ್ಲಿ ಆ ಕೂಟವೇ ಸರ್ಕಾರದ ಪಾಲಾಯಿತು. ಎಕ್ಸ್‌ಜೆ6ನಂಥ ಅದ್ಭುತ ಕಾರು ಕೈಯಲ್ಲಿದ್ದಾಗಲೇ ಹೆಸರು ಕೆಟ್ಟಿತು. ವೈರಿಂಗ್ ಕೈಕೊಡೋದು, ತುಕ್ಕು, ಬಣ್ಣ ಏಳೋದು, ಮೇಲೆ ಮುಷ್ಕರ. 1979ರಲ್ಲಿ ಎಕ್ಸ್‌ಜೆಯ ಮೂರನೇ ಆವೃತ್ತಿ ಬಂದಾಗ ಹೊಸ ಪೇಂಟ್ ಘಟಕ ಸರಿಯಾಗಿ ಕೆಲಸ ಮಾಡದೆ ಮೊದಮೊದಲು ಕೆಂಪು, ಹಳದಿ, ಬಿಳಿ ಇಷ್ಟೇ ಬಣ್ಣ ಕೊಡೋಕಾಯಿತು. ಐಷಾರಾಮಿ ಕಾರು ಕೊಳ್ಳಲು ಬಂದ ಗಿರಾಕಿಗೆ ಟೊಮೆಟೊ ಕೆಂಪು ತಗೊಳ್ಳಿ ಅಂತ ಹೇಳುವ ಪರಿಸ್ಥಿತಿ! ಜಾಗ್ವಾರ್ ಇಟ್ಟುಕೊಳ್ಳಬೇಕಾದರೆ ಎರಡು ಬೇಕು, ಒಂದು ಯಾವಾಗಲೂ ಗ್ಯಾರೇಜಿನಲ್ಲಿರುತ್ತೆ ಎಂಬ ಹಳೇ ಜೋಕು ಇಂಥ ಕಾಲದ್ದು. 1980ರಲ್ಲಿ ಬಂದ ಜಾನ್ ಈಗನ್ ಪೂರೈಕೆದಾರರ ಕಿವಿಹಿಂಡಿ ಗುಣಮಟ್ಟ ಒಂದು ಮಟ್ಟಕ್ಕೆ ತಂದರು, 1984ರಲ್ಲಿ ಕಂಪನಿ ಮತ್ತೆ ಖಾಸಗಿಯಾಯಿತು. ಆದರೆ ಆ ಜೋಕು ಇವತ್ತಿಗೂ ಸತ್ತಿಲ್ಲ. ನಿಮ್ಮ ಮಗ ಬೇಡ ಅನ್ನೋದರ ಹಿಂದೆಯೂ ಅದು ಎಲ್ಲೋ ಇದ್ದೀತು.

1989ರಲ್ಲಿ ಫೋರ್ಡ್ 160 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಕಾರ್ಖಾನೆಗಳಿಗೆ ದುಡ್ಡು ಸುರಿಯಿತು, ಕಾರುಗಳ ಗುಣಮಟ್ಟ ನಿಜವಾಗಿಯೂ ಸುಧಾರಿಸಿತು. ಎಡವಿದ್ದು ಆಸೆಯಲ್ಲಿ. ಬಿಎಂಡಬ್ಲ್ಯು 3 ಸೀರೀಸ್‌ಗೆ ಎದುರಾಗಿ 2001ರಲ್ಲಿ ಎಕ್ಸ್-ಟೈಪ್ ತಂದರು, ವರ್ಷಕ್ಕೆ ಒಂದು ಲಕ್ಷ ಮಾರುವ ಗುರಿಯೊಂದಿಗೆ. ಅಡಿಪಾಯ (ಬಾಡಿಯ ಕೆಳಗಿನ ಚೌಕಟ್ಟು) ಫೋರ್ಡ್‌ನದೇ ಸಾಧಾರಣ ಕಾರು ಮಾಂಡಿಯೊದ್ದು. ನಮ್ಮಲ್ಲೂ ಮಾಂಡಿಯೊ ಕೆಲವು ವರ್ಷ ಓಡಾಡಿದೆ, ಒಳ್ಳೆಯ ಕಾರೇ. ಆದರೆ ಜಾಗ್ವಾರ್ ಬೆಲೆ ಕೊಟ್ಟವನಿಗೆ ಪಕ್ಕದ ಮನೆಯವನು ಇದು ಮಾಂಡಿಯೊ ಅಲ್ವಾ ಅಂತ ಕೇಳಿದರೆ ಸಹಿಸೋಕಾಗುತ್ತಾ? ಎಂಟು ವರ್ಷದಲ್ಲಿ ಒಟ್ಟು ಮೂರೂವರೆ ಲಕ್ಷದಷ್ಟು ಮಾರಾಟವಾಯಿತು. ಗುರಿಯ ಅರ್ಧವೂ ಮುಟ್ಟಲಿಲ್ಲ.

ಇನ್ನು ಟಾಟಾ. 2008ರ ಜೂನ್‌ನಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ ಎರಡನ್ನೂ ಸೇರಿಸಿ 230 ಕೋಟಿ ಡಾಲರ್‌ಗೆ ಕೊಂಡರು. ಫೋರ್ಡ್ ಎರಡಕ್ಕೂ ಕೊಟ್ಟಿದ್ದ ದುಡ್ಡಿನ ಅರ್ಧಕ್ಕಿಂತ ಕಡಿಮೆ. ಮೂರೇ ತಿಂಗಳಿಗೆ ಜಾಗತಿಕ ಹಣಕಾಸಿನ ಬಿಕ್ಕಟ್ಟು ಬಡಿಯಿತು. ರತನ್ ಟಾಟಾ ಕೈಸುಟ್ಟುಕೊಂಡರು ಅಂತ ಆಗ ಬರೆಯದವರೇ ಇಲ್ಲ. ಅಲ್ಲಿಂದ ಏಳೆಂಟು ವರ್ಷ ಆದದ್ದು ನೋಡಿದರೆ ಬರೆದವರು ಬೆಪ್ಪಾದರು. ಇಯಾನ್ ಕ್ಯಾಲಮ್ ನೇತೃತ್ವದ ವಿನ್ಯಾಸ ತಂಡಕ್ಕೆ ಮುಕ್ತವಾಗಿ ಕೆಲಸ ಮಾಡಲು ಬಿಟ್ಟರು. ಎಕ್ಸ್‌ಜೆ, ಎಫ್-ಟೈಪ್, ಎಕ್ಸ್‌ಇ, ಎಫ್-ಪೇಸ್ ಒಂದರ ಹಿಂದೆ ಒಂದು ಬಂದವು. ಎಫ್-ಪೇಸ್ 2017ರಲ್ಲಿ, ಐ-ಪೇಸ್ 2019ರಲ್ಲಿ ಜಗತ್ತಿನ ವರ್ಷದ ಕಾರು ಪ್ರಶಸ್ತಿ ಗೆದ್ದವು. 2018ರಲ್ಲಿ ಜಾಗ್ವಾರ್ ಮಾರಾಟ 1.8 ಲಕ್ಷ ದಾಟಿತು, ಅದರ ಚರಿತ್ರೆಯಲ್ಲೇ ಅತಿ ಹೆಚ್ಚು.

ವಿಚಿತ್ರ ಏನೆಂದರೆ ಪತನ ಶುರುವಾದದ್ದೂ ಅಲ್ಲಿಂದಲೇ. ಅದೇ 2018ರಲ್ಲಿ ಆಡಿ ಮಾರಿದ್ದು 18 ಲಕ್ಷ, ಬಿಎಂಡಬ್ಲ್ಯು 21 ಲಕ್ಷ. ಜಾಗ್ವಾರ್ ಅವರ ಹತ್ತನೇ ಒಂದು ಪಾಲು ಮಾರಿ, ಅವರಷ್ಟೇ ಬಗೆಯ ಕಾರು ಮಾಡಲು ಹೊರಟಿತ್ತು: ಸಣ್ಣ ಸೆಡಾನ್, ಮಧ್ಯಮ ಸೆಡಾನ್, ದೊಡ್ಡ ಸೆಡಾನ್, ಸ್ಪೋರ್ಟ್ಸ್ ಕಾರು, ಎರಡು ಎಸ್‌ಯುವಿ, ಒಂದು ಎಲೆಕ್ಟ್ರಿಕ್. ಹೊಸ ಕಾರಿನ ಅಚ್ಚು, ಪರೀಕ್ಷೆ, ಸಾಫ್ಟ್‌ವೇರ್‌ಗೆ ಆಗುವ ಖರ್ಚು ಹತ್ತು ಲಕ್ಷ ಗಾಡಿಯ ಮೇಲೆ ಹಂಚಿದರೆ ಒಂದು ಲೆಕ್ಕ, ಐವತ್ತು ಸಾವಿರದ ಮೇಲೆ ಹಂಚಿದರೆ ಬೇರೆಯೇ ಲೆಕ್ಕ. ಮೇಲೆ ಕಾರಿನ ಬಾಡಿ ಅಲ್ಯೂಮಿನಿಯಂನದು. ಉಕ್ಕಿಗಿಂತ ಹಗುರ, ಓಡಿಸಲು ಖುಷಿ, ಮಾಡಲು ದುಬಾರಿ. ಟಾಟಾ ಜಾಗ್ವಾರನ್ನು ನಿರ್ಲಕ್ಷ್ಯದಿಂದ ಕೊಂದಿತು ಅಂತ ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ಫೋರ್ಡ್ ಪಟ್ಟ ಆಸೆಯನ್ನೇ ಟಾಟಾ ಇನ್ನೂ ಚೆನ್ನಾಗಿರುವ ಕಾರುಗಳ ಜೊತೆ ಮತ್ತೊಮ್ಮೆ ಪಟ್ಟಿತು, ಅಷ್ಟೇ.

ಇನ್ನೊಂದು ಒಳಗಿನ ಪೆಟ್ಟೂ ಇತ್ತು. ಅದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಎಫ್-ಪೇಸ್ ಚೆನ್ನಾಗಿ ಹೋಗುತ್ತಿದ್ದಾಗಲೇ, 2017ರಲ್ಲಿ, ಅದೇ ಅಡಿಪಾಯದ ಮೇಲೆ ರೇಂಜ್ ರೋವರ್ ವೆಲಾರ್ ಬಂತು. ಒಂದೇ ಸೊಲಿಹಲ್ ಕಾರ್ಖಾನೆ, ಒಂದೇ ಶೋರೂಂ, ಹೆಚ್ಚಿನ ಬೆಲೆ. ಗಿರಾಕಿ ಒಳಗೆ ಬಂದು ಎಫ್-ಪೇಸ್ ನೋಡಿ, ಪಕ್ಕಕ್ಕೆ ತಿರುಗಿ ವೆಲಾರ್ ಬುಕ್ ಮಾಡಿದರೆ ಕಂಪನಿಗೆ ಲಾಭವೇ. ಹಾಗಿರುವಾಗ ಜಾಗ್ವಾರ್‌ಗಾಗಿ ಹಟ ಹಿಡಿಯುವವರು ಯಾರು?

ಅದೇ ಹೊತ್ತಿಗೆ ಚೀನಾದಲ್ಲಿ ಮಾರಾಟ ಕುಸಿಯಿತು, ಡೀಸೆಲ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ ಫೋಕ್ಸ್‌ವ್ಯಾಗನ್ ಹಗರಣದ ನಂತರ ಯುರೋಪಿನವರು ಡೀಸೆಲ್ ಅಂದರೆ ಮುಖ ತಿರುಗಿಸಿದರು. ಜಾಗ್ವಾರ್ ಬಂಡವಾಳ ಹೂಡಿದ್ದು ಆ ಎರಡರ ಮೇಲೆಯೇ. 2018ರ ಕೊನೆಯ ತ್ರೈಮಾಸಿಕದಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ (ಜೆಎಲ್‌ಆರ್) ತನ್ನ ಆಸ್ತಿಗಳ ಮೌಲ್ಯವನ್ನು 310 ಕೋಟಿ ಪೌಂಡ್‌ನಷ್ಟು ಇಳಿಸಿ ಬರೆಯಬೇಕಾಯಿತು. ಟಾಟಾ ಮೋಟಾರ್ಸ್ ಮೂರು ತಿಂಗಳಿಗೆ ಸುಮಾರು 27 ಸಾವಿರ ಕೋಟಿ ರೂಪಾಯಿ ನಷ್ಟ ತೋರಿಸಿತು. ಅಲ್ಲಿಯವರೆಗೆ ಭಾರತದ ಯಾವ ಕಂಪನಿಯೂ ಒಂದು ತ್ರೈಮಾಸಿಕದಲ್ಲಿ ಅಷ್ಟು ನಷ್ಟ ಕಂಡಿರಲಿಲ್ಲ.

ನನಗೆ ಹೊಟ್ಟೆ ಉರಿಯುವುದು ಐ-ಪೇಸ್ ವಿಷಯದಲ್ಲಿ. ಆಡಿ, ಮರ್ಸಿಡಿಸ್‌ಗಿಂತ ಮುಂಚೆ, 2018ರಲ್ಲೇ, ಟೆಸ್ಲಾಗೆ ಎದುರು ನಿಲ್ಲುವ ಎಲೆಕ್ಟ್ರಿಕ್ ಕಾರು ರಸ್ತೆಗಿಳಿಸಿದವರು ಇವರು. ಆಮೇಲೆ ಆರು ವರ್ಷ ಎರಡನೆಯದು ಬರಲಿಲ್ಲ! ಕಾರನ್ನು ಆಸ್ಟ್ರಿಯಾದ ಗ್ರಾಜ್‌ನಲ್ಲಿ ಗುತ್ತಿಗೆಗೆ ಮಾಡಿಸುತ್ತಿದ್ದರು. ಬ್ಯಾಟರಿಗೆ ಬೆಂಕಿ ತಗಲುವ ಅಪಾಯದಿಂದ ಅಮೆರಿಕದಲ್ಲಿ 2019ರ ಮಾದರಿಯ ಸಾವಿರಾರು ಗಾಡಿಗಳನ್ನು ಕಂಪನಿಯೇ ವಾಪಸ್ ಕೊಳ್ಳಬೇಕಾಯಿತು. ಎಲೆಕ್ಟ್ರಿಕ್ ಎಕ್ಸ್‌ಜೆ ಬಹುಮಟ್ಟಿಗೆ ತಯಾರಾಗಿತ್ತು. 2021ರಲ್ಲಿ ಆಗಿನ ಮುಖ್ಯಸ್ಥ ತಿಯರಿ ಬೊಲೊರೆ ಅದನ್ನು ರದ್ದು ಮಾಡಿ, 2025ರಿಂದ ಜಾಗ್ವಾರ್ ಪೂರ್ತಿ ಎಲೆಕ್ಟ್ರಿಕ್ ಅಂತ ಘೋಷಿಸಿ, ಮರುವರ್ಷ ತಾವೇ ಹೊರಟುಹೋದರು. ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ನಿಮ್ಮ ಬಂಧುಬಳಗವನ್ನು ಕೇಳಿ ನೋಡಿ, ಅಲ್ಲಿ ಡ್ರೈವರ್ ಇಲ್ಲದೆ ಓಡಾಡುವ ವೇಮೊ ಟ್ಯಾಕ್ಸಿ ಹತ್ತಿರುತ್ತಾರೆ. ಆ ಬಿಳಿ ಕಾರು ಇದೇ ಐ-ಪೇಸ್. ಹೊಸಬರ ಪೈಕಿ ಎಷ್ಟೋ ಜನ ಜಾಗ್ವಾರ್‌ನೊಳಗೆ ಮೊದಲ ಸಲ ಕೂತದ್ದು ಬಾಡಿಗೆ ಗಿರಾಕಿಯಾಗಿ.

2024ರಲ್ಲಿ ಜಗತ್ತಿನಾದ್ಯಂತ ಮಾರಿದ್ದು ಸುಮಾರು 33 ಸಾವಿರ. ಆರು ವರ್ಷದಲ್ಲಿ ಐದನೇ ಒಂದಕ್ಕಿಂತ ಕೆಳಗಿಳಿಯಿತು.

ಇನ್ನು ಮುಂದೇನು? ಹೊಸ ಯೋಜನೆಯ ಸಾರ ಇಷ್ಟು. ನಾಲ್ಕು ಬಾಗಿಲಿನ, ಉದ್ದ ಮೂತಿಯ ಎಲೆಕ್ಟ್ರಿಕ್ ಕಾರು. ಇದಕ್ಕೆಂದೇ ಮಾಡಿದ ಪ್ರತ್ಯೇಕ ಅಡಿಪಾಯ. ಸೊಲಿಹಲ್‌ನಲ್ಲಿ ತಯಾರಿಕೆ. ಒಮ್ಮೆ ಚಾರ್ಜ್ ಮಾಡಿದರೆ 770 ಕಿ.ಮೀ. ವರೆಗೆ ಹೋಗುವ ಗುರಿ. ಬೆಲೆ ಒಂದು ಲಕ್ಷ ಪೌಂಡ್‌ಗೆ ಮೇಲೆ. ಕಂಪನಿ ಹೇಳಿಕೊಂಡಂತೆ ಅನಾವರಣ 2026ರಲ್ಲಿ, ಅದರ ಹಿಂದೆ ಇನ್ನೆರಡು ಮಾದರಿ. ಹಳೇ ಗಿರಾಕಿಗಳ ಪೈಕಿ ಶೇ 10–15ರಷ್ಟು ಜನ ಮಾತ್ರ ಜೊತೆಗೆ ಬರಬಹುದು ಅಂತ ಜಾಗ್ವಾರ್ ಮುಖ್ಯಸ್ಥ ರಾಡನ್ ಗ್ಲೋವರ್ ಬಾಯಿಬಿಟ್ಟೇ ಹೇಳಿದ್ದಾರೆ. ಅಂದರೆ ಲಯನ್ಸ್ ಕಟ್ಟಿದ ಸೂತ್ರ ಪೂರ್ತಿ ತಿರುಗುಮುರುಗು: ಇನ್ನು ಮೇಲೆ ಕಡಿಮೆ ಬೆಲೆಗೆ ಬೆರಗು ಹುಟ್ಟಿಸುವುದಿಲ್ಲ, ಕಡಿಮೆ ಸಂಖ್ಯೆಯಲ್ಲಿ ಹೆಚ್ಚು ಬೆಲೆಗೆ ಮಾರುತ್ತಾರೆ. ಜರ್ಮನ್ನರ ಜೊತೆ ಸಂಖ್ಯೆಯ ಪೈಪೋಟಿ ಬಿಟ್ಟದ್ದು ಸರಿಯಾದ ನಿರ್ಧಾರ ಅಂತ ನನಗನ್ನಿಸುತ್ತದೆ. ಇಪ್ಪತ್ತು ವರ್ಷ ತಡವಾಯಿತು ಅಷ್ಟೇ.

ಅನುಮಾನ ಇರುವುದು ಮಾರುಕಟ್ಟೆಯ ಬಗ್ಗೆ. ಇದೇ ದರ್ಜೆಯ ಎಲೆಕ್ಟ್ರಿಕ್ ಕಾರು ಪೋರ್ಷೆ ಟೈಕಾನ್ 2023ರಲ್ಲಿ 40 ಸಾವಿರ ಚಿಲ್ಲರೆ ಮಾರಾಟವಾಗಿತ್ತು, 2024ರಲ್ಲಿ 21 ಸಾವಿರದ ಹತ್ತಿರಕ್ಕೆ ಇಳಿಯಿತು. ಪೋರ್ಷೆ ಹೆಸರಿದ್ದೂ ಹೀಗೆ. ಬೆಂಟ್ಲಿ ತಾನು ಪೂರ್ತಿ ಎಲೆಕ್ಟ್ರಿಕ್ ಆಗುವ ಗಡುವನ್ನು 2030ರಿಂದ 2035ಕ್ಕೆ ಮುಂದೂಡಿತು. ಚೀನಾದಲ್ಲಿ ಸ್ಥಳೀಯ ಕಂಪನಿಗಳೇ ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬೆಂಕಿಯಂಥ ಎಲೆಕ್ಟ್ರಿಕ್ ಸೆಡಾನ್ ಕೊಡುತ್ತಿವೆ. ಅಮೆರಿಕದಲ್ಲಿ ಆಮದು ಸುಂಕದ ಕಾಟ. ರೋಲ್ಸ್ ರಾಯ್ಸ್‌ನ ಎಲೆಕ್ಟ್ರಿಕ್ ಸ್ಪೆಕ್ಟರ್‌ಗೆ ಒಳ್ಳೆಯ ಬೇಡಿಕೆ ಬಂತು ನಿಜ. ಆದರೆ ಅಲ್ಲಿ ಕೊಳ್ಳುವವನ ಮನೆಯಲ್ಲಿ ಆಗಲೇ ನಾಲ್ಕಾರು ಕಾರು ನಿಂತಿರುತ್ತವೆ. ಜಾಗ್ವಾರ್ ಹೋಗಲು ಹೊರಟಿರುವ ಜಾಗ ಇವೆರಡರ ನಡುವಿನದು, ಅಲ್ಲಿ ಇನ್ನೂ ಯಾರೂ ಗಟ್ಟಿಯಾಗಿ ತಳವೂರಿಲ್ಲ.

ಟಾಟಾ ಮಾರಿಬಿಡುತ್ತಾ ಅಂತ ಕೇಳಿದ್ದೀರಿ. ಮಾರಲು ಏನಿದೆ ಅಂತ ನಾನು ತಿರುಗಿ ಕೇಳುತ್ತೇನೆ. ಜಾಗ್ವಾರ್‌ಗೆ ಪ್ರತ್ಯೇಕ ಕಾರ್ಖಾನೆ, ಪ್ರತ್ಯೇಕ ಎಂಜಿನಿಯರುಗಳು, ಪ್ರತ್ಯೇಕ ಡೀಲರುಗಳು ಅಂತ ಇಲ್ಲ. ಎಲ್ಲ ಲ್ಯಾಂಡ್ ರೋವರ್ ಜೊತೆ ಹೆಣೆದುಕೊಂಡಿದೆ. ಫೋರ್ಡ್ ಕೂಡ ಎರಡನ್ನೂ ಒಟ್ಟಿಗೇ ಮಾರಿದ್ದು ಇದೇ ಕಾರಣಕ್ಕೆ. ಸದ್ಯಕ್ಕೆ ಮನೆ ನಡೆಸುತ್ತಿರುವುದು ರೇಂಜ್ ರೋವರ್ ಮತ್ತು ಡಿಫೆಂಡರ್. ಅವುಗಳ ಬಲದಿಂದ 2024–25ರಲ್ಲಿ ಜೆಎಲ್‌ಆರ್ 250 ಕೋಟಿ ಪೌಂಡ್ ತೆರಿಗೆಪೂರ್ವ ಲಾಭ ಮಾಡಿತು. ಮರುವರ್ಷವೇ ಸೈಬರ್ ದಾಳಿಯಿಂದ 2025ರ ಸೆಪ್ಟೆಂಬರ್ ಇಡೀ ಕಾರ್ಖಾನೆಗಳು ನಿಂತು, ಆ ತ್ರೈಮಾಸಿಕದಲ್ಲಿ, ತೆರಿಗೆ ಮತ್ತು ವಿಶೇಷ ಖರ್ಚುಗಳನ್ನು ಬಿಟ್ಟೇ, 48.5 ಕೋಟಿ ಪೌಂಡ್ ನಷ್ಟವಾಯಿತು. ಈಗ ಚುಕ್ಕಾಣಿ ಹಿಡಿದಿರುವವರು ಪಿ.ಬಿ. ಬಾಲಾಜಿ, ಅಲ್ಲಿವರೆಗೆ ಟಾಟಾ ಮೋಟಾರ್ಸ್‌ನ ಹಣಕಾಸು ನೋಡಿಕೊಳ್ಳುತ್ತಿದ್ದವರು. ಲೆಕ್ಕದ ಮನುಷ್ಯ ಕೂತಾಗ ಲೆಕ್ಕ ಕೇಳಿಯೇ ಕೇಳುತ್ತಾರೆ. ಕಾರು ಹೆಚ್ಚುಕಮ್ಮಿ ತಯಾರಾಗಿ, ದುಡ್ಡೂ ಖರ್ಚಾಗಿರುವುದರಿಂದ ಮೊದಲನೆಯದು ಬಂದೇ ಬರುತ್ತದೆ ಅಂತ ನನ್ನ ಎಣಿಕೆ. ಎರಡನೆಯದು, ಮೂರನೆಯದು ಮೊದಲನೆಯದರ ಬುಕಿಂಗ್ ನೋಡಿಕೊಂಡು. ಅದೂ ಬೀಳದಿದ್ದರೆ ಮಾರಾಟಕ್ಕಿಂತ ಹೆಚ್ಚು ಸಾಧ್ಯತೆ ಇರುವುದು ಹೆಸರನ್ನು ಕಪಾಟಿನಲ್ಲಿ ಇಟ್ಟು ಬೀಗ ಹಾಕುವುದು. ಆ ಕಪಾಟಿನಲ್ಲಿ ಆಗಲೇ ರೋವರ್ ಎಂಬ ಹೆಸರು ಇದೆ. ಒಂದು ಕಾಲಕ್ಕೆ ಬ್ರಿಟನ್ನಿನ ಮಂತ್ರಿಗಳು ಓಡಾಡುತ್ತಿದ್ದ ಕಾರು ಅದು. ಕಂಪನಿ 2005ರಲ್ಲಿ ದಿವಾಳಿಯೆದ್ದಿತು, ಹೆಸರನ್ನು ಫೋರ್ಡ್ ಕೊಂಡಿತು, 2008ರ ಖರೀದಿಯಲ್ಲಿ ಅದೂ ಟಾಟಾ ಪಾಲಿಗೆ ಬಂತು. ಅಲ್ಲಿಂದ ಒಂದೂ ಕಾರಿನ ಮೇಲೆ ಬಂದಿಲ್ಲ.

ಇನ್ನು ನಿಮ್ಮ ಗಾಡಿ. ಬ್ರಾಂಡ್ ಉಳಿಯುತ್ತಾ ಇಲ್ಲವಾ ಅನ್ನೋದಕ್ಕೂ ನಿಮ್ಮ ಎಕ್ಸ್‌ಎಫ್ ಓಡುತ್ತಾ ಇಲ್ಲವಾ ಅನ್ನೋದಕ್ಕೂ ಜನ ತಿಳಿದಷ್ಟು ಸಂಬಂಧ ಇಲ್ಲ. ಷೆವರ್ಲೆ 2017ರಲ್ಲಿ ನಮ್ಮಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸಿತು. ಬೀಟ್‌ಗಳು, ಇಕೋಸ್ಪೋರ್ಟ್‌ಗಳು ನಿಮ್ಮೂರಿನಲ್ಲಿ ಇನ್ನೂ ಓಡಾಡುತ್ತಲೇ ಇವೆ. ಜಾಗ್ವಾರ್ ಪರಿಸ್ಥಿತಿ ಒಂದು ಬಗೆಯಲ್ಲಿ ಇವಕ್ಕಿಂತ ಮೇಲು, ಯಾಕೆಂದರೆ ಲ್ಯಾಂಡ್ ರೋವರ್ ಗಾಡಿ ಮಾರುವ, ರಿಪೇರಿ ಮಾಡುವ ವರ್ಕ್‌ಶಾಪೇ ಜಾಗ್ವಾರನ್ನೂ ನೋಡುತ್ತದೆ, ಅದು ಎಲ್ಲೂ ಹೋಗುತ್ತಿಲ್ಲ. ನಿಮ್ಮ ಎಕ್ಸ್‌ಎಫ್‌ನ ಎರಡು ಲೀಟರಿನ ಇಂಜೀನಿಯಂ ಡೀಸೆಲ್ ಎಂಜಿನ್ ಡಿಸ್ಕವರಿ ಸ್ಪೋರ್ಟ್, ಇವೋಕ್, ವೆಲಾರ್‌ಗಳಲ್ಲೂ ಇದೆ. ಗೇರ್‌ಬಾಕ್ಸ್ ಜೆಡ್‌ಎಫ್ ಕಂಪನಿಯ ಎಂಟು ಗೇರಿನದು, ಬಿಎಂಡಬ್ಲ್ಯು ಬಿಚ್ಚುವ ಮೆಕ್ಯಾನಿಕ್‌ಗೂ ಪರಿಚಿತ. ಇವುಗಳ ಸ್ಪೇರ್‌ಗೆ ಹತ್ತು ವರ್ಷ ಚಿಂತೆ ಇಲ್ಲ.

ಚಿಂತೆ ಮಾಡಬೇಕಾದ್ದು ಎಕ್ಸ್‌ಎಫ್‌ಗೆ ಮಾತ್ರ ಸೇರಿದ ಭಾಗಗಳ ಬಗ್ಗೆ: ಹೆಡ್‌ಲ್ಯಾಂಪ್, ಬಂಪರ್, ಬಾನೆಟ್, ಗಾಜು, ಒಳಗಿನ ಟ್ರಿಮ್. ಸ್ಟಾರ್ಟ್ ಬಟನ್ ಒತ್ತಿದೊಡನೆ ಸೀಟುಗಳ ನಡುವಿಂದ ದುಂಡನೆಯ ಗೇರ್ ನಾಬ್ ಮೇಲೇಳುತ್ತದಲ್ಲ, ನಿಮ್ಮ ಮನಸ್ಸು ಸೋತದ್ದು ಬಹುಶಃ ಅಲ್ಲೇ, ಆ ನಾಬ್ ಥರದವು. ಬಾಡಿಯ ಮುಕ್ಕಾಲು ಪಾಲು ಅಲ್ಯೂಮಿನಿಯಂ, ಅಂಟು ಮತ್ತು ರಿವೆಟ್ ಹಾಕಿ ಕೂಡಿಸಿದ್ದು. ಊರಿನ ಟಿಂಕರಿಂಗ್ ಅಂಗಡಿಯಲ್ಲಿ ಉಕ್ಕಿನ ಬಾಡಿ ಬಡಿದಂತೆ ಬಡಿದು ವೆಲ್ಡ್ ಮಾಡಿಸಿದರೆ ಕೆಟ್ಟಿತು ಅಂತಲೇ ಲೆಕ್ಕ. ನೀವು ನೋಡಿದ ಗಾಡಿಗೆ ಹಿಂದೆ ಅಪಘಾತವಾಗಿದೆಯಾ ಅನ್ನೋದು ಕಿಲೋಮೀಟರ್ ಎಷ್ಟು ಓಡಿದೆ ಅನ್ನೋದಕ್ಕಿಂತ ಮುಖ್ಯ. ಇನ್ಶೂರೆನ್ಸ್ ಕ್ಲೇಮ್ ಚರಿತ್ರೆ ತೆಗೆಸಿ.

ಎಂಜಿನ್ನಿನ ಮೊದಲ ವರ್ಷಗಳ ಬ್ಯಾಚ್‌ಗೆ ಗೊತ್ತಿರುವ ಒಂದು ಕಾಯಿಲೆ ಇದೆ, ಟೈಮಿಂಗ್ ಚೈನ್, ಅಂದರೆ ಎಂಜಿನ್ನಿನ ಒಳಭಾಗಗಳನ್ನು ಹೊಂದಿಸಿ ತಿರುಗಿಸುವ ಸರಪಳಿ. ಚೈನ್ ಮತ್ತು ಅದರ ಗೈಡ್ ಸವೆಯುತ್ತವೆ, ಆಯಿಲ್ ಬದಲಿಸುವುದು ತಡವಾದ ಗಾಡಿಗಳಲ್ಲಿ ಇನ್ನೂ ಬೇಗ. ಚೈನ್ ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ. ಹಾಗಾಗಿ ಭಾಗ ಚಿಕ್ಕದಾದರೂ ಬಿಚ್ಚುವ ಕೂಲಿ ದೊಡ್ಡದು. ಬೆಳಿಗ್ಗೆ ಹೋಗಿ, ಬಾನೆಟ್ ಮುಟ್ಟಿ ತಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡು, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಮೊದಲ ಕೆಲವು ಸೆಕೆಂಡು ಗರಗರ ಸರಪಳಿ ಎಳೆದ ಸದ್ದು ಬಂದರೆ ಅಲ್ಲಿಂದಲೇ ವಾಪಸ್ ಬನ್ನಿ. ಬ್ರೋಕರ್ ನೀವು ಬರುವ ಮುಂಚೆಯೇ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ ಅದೂ ಒಂದು ಉತ್ತರವೇ. ಕೊಂಡ ಮೇಲೆ ಕಂಪನಿ ಹೇಳುವ ದೀರ್ಘ ಅಂತರಕ್ಕೆ ಕಾಯದೆ ಹತ್ತು ಸಾವಿರ ಕಿ.ಮೀ.ಗೊಮ್ಮೆ ಆಯಿಲ್ ಬದಲಿಸಿ. ಗೇರ್‌ಬಾಕ್ಸ್ ಆಯಿಲ್ ಜೀವಮಾನಕ್ಕೆ ಒಂದೇ ಸಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಎಂಬತ್ತು ಸಾವಿರದ ಆಸುಪಾಸು ಬದಲಿಸಲೇಬೇಕು.

ದೆಹಲಿ ರಿಜಿಸ್ಟ್ರೇಷನ್ ವಿಷಯ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ತಂದಾಗಿನಿಂದ ಎಂಟೊಂಬತ್ತು ವರ್ಷದ ದುಬಾರಿ ಡೀಸೆಲ್ ಕಾರುಗಳು ದಕ್ಷಿಣಕ್ಕೆ ಹರಿದು ಬರುತ್ತಿವೆ. ಸುಪ್ರೀಂ ಕೋರ್ಟ್ 2025ರಲ್ಲಿ ಸ್ವಲ್ಪ ಸಡಿಲ ಮಾಡಿದರೂ ಮಾರುವವರ ಅವಸರ ನಿಂತಿಲ್ಲ. ಬೆಲೆ ಇಳಿದಿರುವುದು ಅದಕ್ಕೇ. ಆದರೆ 16 ಲಕ್ಷ ನಿಮ್ಮ ಮನೆ ಮುಂದೆ ನಿಂತ ಬೆಲೆಯಲ್ಲ. ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ಗಾಡಿಯ ವಯಸ್ಸಿಗೆ ತಕ್ಕಂತೆ ಕಡಿತ ಇದ್ದರೂ ಲೆಕ್ಕ ಹಾಕುವುದು ಹೊಸದರ ಬೆಲೆಯ ಮೇಲೆ, ಹೊಸದರಲ್ಲಿ ಇದು ಐವತ್ತು ಲಕ್ಷದ ಹತ್ತಿರದ ಗಾಡಿ. ಮುಂಗಡ ಕೊಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಬರೆಸಿಕೊಂಡು ಬನ್ನಿ. ಆ ಮೊತ್ತವನ್ನು ಬ್ರೋಕರ್ ಮುಂದಿಟ್ಟು ಬೆಲೆ ಮಾತಾಡಿ. ಕರ್ನಾಟಕದ್ದೇ ನಂಬರಿನ, ಒಂದೇ ಕೈಯಲ್ಲಿದ್ದ ಎಕ್ಸ್‌ಎಫ್ ಎರಡು ಲಕ್ಷ ಜಾಸ್ತಿ ಹೇಳಿದರೂ ಕೊನೆಗೆ ಅಗ್ಗವೇ ಬೀಳಬಹುದು.

ನನ್ನ ಅಭಿಪ್ರಾಯ ಕೇಳಿದರೆ: ಮನೆಯಲ್ಲಿ ದಿನದ ಓಡಾಟಕ್ಕೆ ಇನ್ನೊಂದು ಕಾರಿದ್ದು, ಬೆಲೆಯ ಹೊರತಾಗಿ ನಾಲ್ಕೈದು ಲಕ್ಷ ರಿಪೇರಿಗೆಂದೇ ತೆಗೆದಿಡಲು ಸಾಧ್ಯವಿದ್ದು, ಕೆಟ್ಟು ನಿಂತರೆ ನಾನೂರು ಕಿ.ಮೀ. ಟ್ರಕ್ಕಿನ ಮೇಲೆ ಹಾಕಿ ಬೆಂಗಳೂರಿಗೆ ಕಳಿಸಲು ಬೇಸರ ಇಲ್ಲದಿದ್ದರೆ ಕೊಳ್ಳಿ. ಸ್ಟೀರಿಂಗ್ ಹಿಡಿದು ಧಾರವಾಡ ಬೈಪಾಸ್ ದಾಟಿದ ಮೇಲೆ ಪಶ್ಚಾತ್ತಾಪ ಪಡುವ ಕಾರಲ್ಲ ಅದು. ಇರೋದು ಒಂದೇ ಕಾರಾಗಿದ್ದರೆ ಮಗನ ಮಾತು ಕೇಳಿ. ಮರುಮಾರಾಟದ ಬೆಲೆಯನ್ನಂತೂ ಈಗಲೇ ಸೊನ್ನೆ ಅಂತ ಬರೆದುಕೊಳ್ಳಿ. ಹೊಸ ಜಾಗ್ವಾರ್ ಗೆದ್ದರೂ ಸೋತರೂ 2017ರ ಡೀಸೆಲ್ ಸೆಡಾನಿನ ಬೆಲೆ ಏರುವುದಿಲ್ಲ. ಹೊಸದು ಕೊಳ್ಳುವವನು ಬೇರೆ, ನಿಮ್ಮಿಂದ ಇದನ್ನು ಕೊಳ್ಳಲು ಬರುವವನು ಬೇರೆ.

ಬ್ರೋಕರ್‌ಗೆ ಒಂದು ಮಾತು ಹೇಳಿ: ಗಾಡಿಯನ್ನು ಬೆಂಗಳೂರಿನ ಅಧಿಕೃತ ವರ್ಕ್‌ಶಾಪಿಗೆ ತರಲಿ, ಪರೀಕ್ಷೆಯ ಶುಲ್ಕ ನೀವು ಕಟ್ಟುತ್ತೀರಿ. ಚಾಸಿಸ್ ನಂಬರ್ ಕೊಟ್ಟರೆ ಎಲ್ಲೆಲ್ಲಿ ಸರ್ವೀಸ್ ಆಗಿದೆ, ಬಾಕಿ ಉಳಿದ ರೀಕಾಲ್ ಕೆಲಸ ಇದೆಯಾ ಅನ್ನೋದೂ ಅಲ್ಲೇ ಗೊತ್ತಾಗುತ್ತದೆ. ಅದಕ್ಕೆ ಒಪ್ಪದೆ, ಬೇರೆ ಪಾರ್ಟಿ ಅಡ್ವಾನ್ಸ್ ಹಿಡಿದು ಕಾಯ್ತಿದ್ದಾರೆ ಅಂತ ಶುರುಮಾಡಿದರೆ, ಆ ಪಾರ್ಟಿಗೇ ಕೊಟ್ಟುಬಿಡಿ ಅನ್ನಿ.